ಮುಂಬಯಿಯ ಎರಡು ಹಡಗುಗಳನ್ನು ಉಳಿಸಿದ ನಾಝಲ್

1971ರ ಯುದ್ಧದಲ್ಲಿ ಹೆಸರು ಮಾಡಿ ಬಂದ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್‌ಗೆ ಮುಂದೆ ಯಾವ ವಿಮಾನ ಎಂಬುದು ನೌಕಾಪಡೆಗೆ ಬಿಡಿಸಲಾಗದ ಗಂಟಾಗಿತ್ತು. ಅದರ ಸೀ ಹಾಕ್ ಜೆಟ್‌ಗಳು ಬಂಗಾಳ ಕೊಲ್ಲಿಯಿಂದ ಎದ್ದು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ನಡೆಸಿದ್ದವು. ಆದರೆ ಅವಕ್ಕೆ ವಯಸ್ಸಾಗಿತ್ತು; ತಯಾರಿಕೆ ನಿಂತು ಎಷ್ಟೋ ವರ್ಷವಾಗಿತ್ತು. ಅಷ್ಟರಲ್ಲಿ ಜಗತ್ತಿನ ಯುದ್ಧವಿಮಾನಗಳೆಲ್ಲ ಭಾರವಾಗಿದ್ದವು, ಇಳಿಯುವ ವೇಗವೂ ಏರಿತ್ತು. ಇಪ್ಪತ್ತು ಸಾವಿರ ಟನ್ನಿನೊಳಗಿನ ವಿಕ್ರಾಂತ್‌ನ ಡೆಕ್ ಅವುಗಳಿಗೆ ಸಾಲುತ್ತಿರಲಿಲ್ಲ. ದೊಡ್ಡ ಹಡಗು ಕೊಳ್ಳುವಷ್ಟು ಹಣ ದೇಶದ ಬಳಿ ಇರಲಿಲ್ಲ. ತಕ್ಕ ಜೆಟ್ ಸಿಗದಿದ್ದರೆ, 1961ರ ನವೆಂಬರ್ 3ರಂದು ಮುಂಬಯಿಗೆ ಬಂದು ಆ ಊರಿನದೇ ಆಗಿಹೋಗಿದ್ದ ಹಡಗು ಹೆಲಿಕಾಪ್ಟರ್ ಹೊತ್ತು ತಿರುಗುವುದರಲ್ಲೇ ಉಳಿದ ಆಯಸ್ಸು ಕಳೆಯಬೇಕಿತ್ತು.

ದಾರಿ ತೋರಿಸಿದ್ದು 1972ರಲ್ಲಿ ಬ್ರಿಟನ್ನಿನಿಂದ ಬಂದ ಒಂದು ವಿಮಾನ. ಹಾಕರ್ ಸಿಡ್ಲಿ ಕಂಪನಿಯ ಪರೀಕ್ಷಾ ಪೈಲಟ್ ಜಾನ್ ಫಾರ್ಲಿ ಎರಡು ಸೀಟಿನ ಹ್ಯಾರಿಯರ್ ಒಂದನ್ನು ಹಾರಿಸಿಕೊಂಡು ಬಂದು ವಿಕ್ರಾಂತ್ ಮೇಲೆ ಇಳಿಸಿ, ಮತ್ತೆ ಅಲ್ಲಿಂದಲೇ ಏರಿಸಿ ತೋರಿಸಿದರು. ಬೇರೆ ಜೆಟ್‌ಗಳು ಡೆಕ್ಕಿಗೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿ ನಿಲ್ಲಬೇಕು. ಇದಕ್ಕೆ ಆ ಹಗ್ಗವೇ ಬೇಡ. ನೋಡಿದ ಅಧಿಕಾರಿಗಳಿಗೆ ತಮಗೆ ಬೇಕಾದದ್ದು ಇದೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಹಾಗಿದ್ದೂ ಹ್ಯಾರಿಯರ್‌ನ ನೌಕಾ ಆವೃತ್ತಿಯಾದ ಆರು ಸೀ ಹ್ಯಾರಿಯರ್, ಎರಡು ತರಬೇತಿ ವಿಮಾನಗಳಿಗೆ ಮೊದಲ ಬೇಡಿಕೆ ಸಲ್ಲಿಸಲು 1979 ಬರಬೇಕಾಯಿತು.

ಹ್ಯಾರಿಯರ್‌ನ ಗುಟ್ಟು ಥ್ರಸ್ಟ್ ವೆಕ್ಟರಿಂಗ್, ಎಂದರೆ ಎಂಜಿನ್ನಿನ ನೂಕುಬಲದ ದಿಕ್ಕನ್ನೇ ತಿರುಗಿಸುವ ತಂತ್ರ. ಆ ಹೆಸರು ಕೇಳಿದರೆ ಇವತ್ತು ನಮ್ಮ ಹುಡುಗರಿಗೆ ನೆನಪಾಗುವುದು ಸುಖೋಯ್ ಯುದ್ಧವಿಮಾನ. ಆಕಾಶದಲ್ಲಿ ಮೂಗೆತ್ತಿ ನಿಂತು, ನಿಂತಲ್ಲೇ ಲಾಗ ಹಾಕುವ ವಿಡಿಯೊಗಳನ್ನು ಎಲ್ಲರೂ ನೋಡಿದ್ದಾರೆ. ಆದರೆ ಭಾರತದಲ್ಲಿ ಈ ತಂತ್ರದ ಮೊದಲ ಅಧ್ಯಾಯ ಬರೆದದ್ದು ನೌಕಾಪಡೆ, ಅದೂ ಮುಂಬಯಿಯನ್ನೇ ಮನೆ ಮಾಡಿಕೊಂಡಿದ್ದ ಎರಡು ಹಡಗುಗಳ ಮೇಲೆ. ವೈರಿ ವಿಮಾನವನ್ನು ಮಣಿಸುವ ವರಸೆಯೆಂದು ಹೆಸರಾದ ಈ ವಿದ್ಯೆ ನಮಗೆ ನಿಜವಾಗಿ ಮಾಡಿಕೊಟ್ಟ ಉಪಕಾರ ಬೇರೆಯೇ ಇದೆ.

ಮೊದಲು ಅದರ ಕೆಲಸ ಏನೆಂದು ನೋಡೋಣ. ಸಾಮಾನ್ಯ ವಿಮಾನದಲ್ಲಿ ಎಂಜಿನ್ ಬರೀ ಮುಂದಕ್ಕೆ ನೂಕುತ್ತದೆ. ತಿರುಗಿಸುವ ಕೆಲಸ ರೆಕ್ಕೆ ಮತ್ತು ಬಾಲದ ಮಡಚುಪಟ್ಟಿಗಳದು. ಅವುಗಳಿಗೆ ಗಾಳಿಯ ಓಟ ಬೇಕು. ವೇಗ ತಗ್ಗಿದರೆ ಪಟ್ಟಿಗಳಿಗೆ ಬಲವಿಲ್ಲ, ವಿಮಾನ ಮಾತು ಕೇಳುವುದಿಲ್ಲ. ಎಂಜಿನ್ನಿನ ಜ್ವಾಲೆ ಹೊರಬರುವ ಬಾಯನ್ನೇ, ಎಂದರೆ ನಾಝಲ್ಲನ್ನೇ, ಓರೆ ಮಾಡಿದರೆ ಗಾಳಿಯ ಹಂಗಿಲ್ಲದೆ ವಿಮಾನವನ್ನು ತಿರುಗಿಸಬಹುದು. ಹಿಂಬದಿಗೆ ಮೋಟರ್ ಸಿಕ್ಕಿಸಿದ ಸಣ್ಣ ದೋಣಿಯವನು ಚುಕ್ಕಾಣಿ ಇಲ್ಲದೆಯೂ ಮೋಟರನ್ನೇ ಅತ್ತಿತ್ತ ಹೊರಳಿಸಿ ದೋಣಿ ತಿರುಗಿಸುತ್ತಾನಲ್ಲ, ತತ್ವ ಅದೇ.

ಹ್ಯಾರಿಯರ್ ಈ ತತ್ವವನ್ನು ಅದರ ಕೊನೆಯವರೆಗೆ ಕೊಂಡೊಯ್ದಿತು. ಮಿಶೆಲ್ ವಿಬೋ ಎಂಬ ಫ್ರೆಂಚ್ ಎಂಜಿನಿಯರ್ 1950ರ ದಶಕದಲ್ಲಿ ಮುಂದಿಟ್ಟ ಯೋಚನೆಯನ್ನು ಬ್ರಿಸ್ಟಲ್ ಕಂಪನಿಯ ಸ್ಟ್ಯಾನ್ಲಿ ಹೂಕರ್ ಮತ್ತು ಗಾರ್ಡನ್ ಲೂಯಿಸ್ ಪೆಗಾಸಸ್ ಎಂಜಿನ್ನಾಗಿ ಕಡೆದರು. ವಿಮಾನದ ಪಕ್ಕೆಗಳಲ್ಲಿ ನಾಲ್ಕು ನಾಝಲ್. ಮುಂದಿನ ಎರಡರಿಂದ ಫ್ಯಾನ್ ಒತ್ತಿದ ತಣ್ಣನೆಯ ಗಾಳಿ, ಹಿಂದಿನ ಎರಡರಿಂದ ಉರಿದ ಬಿಸಿ ಅನಿಲ. ನಾಲ್ಕೂ ಒಂದಕ್ಕೊಂದು ಚೈನು, ಶಾಫ್ಟುಗಳಿಂದ ಬಿಗಿದುಕೊಂಡು ಒಟ್ಟಿಗೇ ತಿರುಗುತ್ತವೆ. ಪೂರ್ತಿ ಹಿಂದಕ್ಕಿದ್ದಾಗ ಅದು ಮಾಮೂಲಿ ಜೆಟ್. ನೆಟ್ಟಗೆ ಕೆಳಕ್ಕೆ ತಿರುಗಿದರೆ ಅಷ್ಟೂ ನೂಕುಬಲ ವಿಮಾನವನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ತುಸು ಮುಂದಕ್ಕೆ, 98 ಡಿಗ್ರಿಯಾಚೆಗೂ ಹೋಗುವ ಅವಕಾಶವಿತ್ತು. ಆಗ ಅದು ಬ್ರೇಕ್. ಇದಿಷ್ಟಕ್ಕೂ ಕಾಕ್‌ಪಿಟ್ಟಿನಲ್ಲಿ ಹೆಚ್ಚುವರಿಯಾಗಿ ಇದ್ದದ್ದು ಒಂದೇ ಹಿಡಿಕೆ, ಥ್ರಾಟಲ್ ಪಕ್ಕದಲ್ಲಿ. ಪೈಲಟ್‌ನ ಎಡಗೈ ಎರಡರ ನಡುವೆ ಆಡಬೇಕು. ಗಾಬರಿಯಲ್ಲಿ ಒಂದರ ಬದಲು ಇನ್ನೊಂದನ್ನು ಎಳೆದರೆ ಮುಗಿಯಿತು.

ಮೊದಲ ಮೂರು ಸೀ ಹ್ಯಾರಿಯರ್‌ಗಳು 1983ರ ಡಿಸೆಂಬರ್ 16ರಂದು ಗೋವಾದ ದಾಬೋಲಿಂನಲ್ಲಿರುವ ನೌಕಾ ವಾಯುನೆಲೆ ಐಎನ್‌ಎಸ್ ಹಂಸಕ್ಕೆ ಬಂದಿಳಿದವು. ಅವುಗಳನ್ನು ಪಡೆದದ್ದು ‘ಬಿಳಿ ಹುಲಿಗಳು’ ಎಂದು ಹೆಸರಾದ 300ನೇ ಸ್ಕ್ವಾಡ್ರನ್; ಮುಂದಾಳು ಕಮಾಂಡರ್ ಅರುಣ್ ಪ್ರಕಾಶ್. ಅದೇ ತಿಂಗಳು ಅವರು ಸೀ ಹ್ಯಾರಿಯರನ್ನು ವಿಕ್ರಾಂತ್ ಮೇಲೆ ಇಳಿಸಿದರು. ಅರುಣ್ ಪ್ರಕಾಶ್ 1971ರ ಯುದ್ಧದಲ್ಲಿ ವಾಯುಪಡೆಗೆ ಎರವಲು ಹೋಗಿ, 20ನೇ ಸ್ಕ್ವಾಡ್ರನ್ನಿನ ಹಂಟರ್ ವಿಮಾನ ಹಾರಿಸಿ ವೀರಚಕ್ರ ಪಡೆದವರು. ಆ 20ನೇ ಸ್ಕ್ವಾಡ್ರನ್ನಿನ ಹೆಸರು ನೆನಪಿಟ್ಟುಕೊಳ್ಳಿ, ಈ ಕಥೆಯಲ್ಲಿ ಅದು ಇನ್ನೊಮ್ಮೆ ಬರುತ್ತದೆ.

ಸೀ ಹ್ಯಾರಿಯರ್ ಹಡಗಿಗೆ ಇಳಿಯುವ ಕ್ರಮವೇ ತಲೆಕೆಳಗು. ಬೇರೆ ಜೆಟ್‌ಗಳು ಇಳಿದ ಮೇಲೆ ನಿಲ್ಲುತ್ತವೆ, ಇದು ನಿಂತ ಮೇಲೆ ಇಳಿಯುತ್ತದೆ. ಹಿಂದಿನಿಂದ ಬರುವ ಪೈಲಟ್ ನಾಝಲ್‌ಗಳನ್ನು ಹಂತಹಂತವಾಗಿ ಕೆಳಕ್ಕೆ ತಿರುಗಿಸುತ್ತ ವೇಗ ಕಳೆದುಕೊಳ್ಳುತ್ತಾನೆ. ರೆಕ್ಕೆಯ ಎತ್ತುಬಲ ಸಾಯುತ್ತ ಬಂದಹಾಗೆ ಎಂಜಿನ್ನಿನ ಬಲ ಆ ಭಾರ ಹೊರಬೇಕು. ಚಲಿಸುತ್ತಿರುವ ಹಡಗಿನ ಎಡಮಗ್ಗುಲಿಗೆ ಬಂದು, ಅದರದೇ ವೇಗದಲ್ಲಿ ಜೊತೆಜೊತೆಗೆ ತೇಲುತ್ತಾನೆ. ಮಡಚುಪಟ್ಟಿಗಳು ಈಗ ನಿಷ್ಪ್ರಯೋಜಕ. ಮೂಗು, ಬಾಲ, ರೆಕ್ಕೆಯ ತುದಿಗಳಲ್ಲಿರುವ ಪುಟ್ಟ ತೂತುಗಳಿಂದ ಎಂಜಿನ್ನಿನ ಗಾಳಿ ಚಿಮ್ಮಿಸಿ ಸಮತೋಲ ಕಾಯಬೇಕು. ಆಮೇಲೆ ಅಡ್ಡಕ್ಕೆ ಸರಿದು ಡೆಕ್ಕಿನ ಮೇಲೆ ಬಂದು, ನೆಟ್ಟಗೆ ಕೂರಬೇಕು.

ಇದರಲ್ಲಿ ಅರಬ್ಬೀ ಸಮುದ್ರದ ಸೆಕೆಯೂ ಒಂದು ಪಾತ್ರಧಾರಿ. ಬಿಸಿಗಾಳಿ ತೆಳು, ಅದರಲ್ಲಿ ಜೆಟ್ ಎಂಜಿನ್ನಿನ ಬಲ ತಗ್ಗುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಹೊತ್ತು ಇಳಿಯಬಹುದಾದಷ್ಟು ಭಾರವನ್ನು ಇಲ್ಲಿಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಲಾಗದು. ಎಂಜಿನ್ನಿನೊಳಕ್ಕೆ ನೀರು ಸಿಂಪಡಿಸಿ ಬಲ ಹೆಚ್ಚಿಸುವ ಏರ್ಪಾಡು ಇತ್ತು, ಆದರೆ ಆ ನೀರು ಒಂದೂವರೆ ನಿಮಿಷಕ್ಕೆ ಖಾಲಿ. ಅಷ್ಟರಲ್ಲಿ ಇಳಿಯಬೇಕು ಇಲ್ಲವೇ ಮೇಲೆದ್ದು ಹೋಗಬೇಕು. ತಿರುಗುವ ನಾಝಲ್ ಎಂದರೆ ಆಕಾಶದಲ್ಲಿ ಮಾಡುವ ಸೊಗಸಿನ ಆಟ ಎಂದುಕೊಂಡವರು ಈ ತೊಂಬತ್ತು ಸೆಕೆಂಡುಗಳನ್ನು ನೆನೆಯಬೇಕು.

ಏರುವಾಗಿನ ತೊಡಕನ್ನು ಪರಿಹರಿಸಿದ್ದು ಸ್ಕೀ ಜಂಪ್. ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಡಗ್ ಟೇಲರ್ ಅವರ ಯೋಚನೆ ಅದು: ಡೆಕ್ಕಿನ ಮೂತಿಯನ್ನು ಮೇಲಕ್ಕೆ ಬಾಗಿಸಿದರೆ, ಓಡಿ ಬಂದ ವಿಮಾನ ಮೇಲ್ಮುಖವಾಗಿ ಚಿಮ್ಮುತ್ತದೆ, ಆ ಕ್ಷಣ ನಾಝಲ್‌ಗಳನ್ನು ಓರೆಯಾಗಿ ಕೆಳಕ್ಕೆ ತಿರುಗಿಸಿದರೆ, ರೆಕ್ಕೆಗೆ ಸಾಕಷ್ಟು ವೇಗ ಬರುವ ತನಕ ಎಂಜಿನ್ ಎತ್ತಿ ಹಿಡಿಯುತ್ತದೆ. 1977ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿ ಇದನ್ನು ಮೊದಲು ಪರೀಕ್ಷಿಸಿದ ಪೈಲಟ್ ಮತ್ತೆ ಜಾನ್ ಫಾರ್ಲಿಯೇ. ವಿಕ್ರಾಂತ್‌ಗೆ 1980ರ ದಶಕದ ಕೊನೆಯಲ್ಲಿ ಇಂಥ ಮೇಲಕ್ಕೆ ಬಾಗಿದ ಮೂತಿ ಕೂರಿಸಿದರು. ಉಗಿಯ ಬಲದಿಂದ ವಿಮಾನವನ್ನು ಎಸೆಯುತ್ತಿದ್ದ ಹಳೆಯ ಕ್ಯಾಟಪಲ್ಟ್ ಹೋಯಿತು.

ಇಷ್ಟರಲ್ಲಿ ಹ್ಯಾರಿಯರ್ ಲೋಕಪ್ರಸಿದ್ಧವಾಗಿತ್ತು. ಕಾರಣ, 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ ಫಾಕ್‌ಲೆಂಡ್ ಯುದ್ಧ.

ಅಮೆರಿಕದ ಮರೀನ್ ಪೈಲಟ್‌ಗಳು 1970ರ ದಶಕದ ಆರಂಭದಲ್ಲೇ ಒಂದು ಪ್ರಯೋಗ ಮಾಡಿದ್ದರು. ಹಾರಾಟದ ನಡುವೆಯೇ ನಾಝಲ್‌ಗಳನ್ನು ಗಕ್ಕನೆ ತಿರುಗಿಸಿದರೆ ಹ್ಯಾರಿಯರ್ ಥಟ್ಟನೆ ವೇಗ ಕಳೆದುಕೊಳ್ಳುತ್ತದೆ, ಮೂಗು ಬೇಗ ಹೊರಳುತ್ತದೆ. ಬೆನ್ನಟ್ಟಿ ಬಂದವನು ತಡೆಯಲಾರದೆ ಮುಂದೆ ಹೋಗಿ, ಬೇಟೆಯವನೇ ಬೇಟೆಯಾಗುತ್ತಾನೆ. ಪೈಲಟ್‌ಗಳು ಇದನ್ನು ‘ವಿಫ್’ ಎಂದು ಕರೆದರು. ಫಾಕ್‌ಲೆಂಡ್‌ನಲ್ಲಿ ಸೀ ಹ್ಯಾರಿಯರ್‌ಗಳು ಇಪ್ಪತ್ತರಷ್ಟು ಅರ್ಜೆಂಟೀನಾ ವಿಮಾನಗಳನ್ನು ಕೆಡವಿದವು. ಆಕಾಶಯುದ್ಧದಲ್ಲಿ ಒಂದನ್ನೂ ಕಳೆದುಕೊಳ್ಳಲಿಲ್ಲ. ಎಲ್ಲ ವಿಫ್‌ನ ಮಹಿಮೆ ಎಂಬ ಮಾತು ಜಗತ್ತೆಲ್ಲ ಹಬ್ಬಿತು. ನಮ್ಮ ಪತ್ರಿಕೆ, ಪುಸ್ತಕಗಳಲ್ಲೂ ಅದು ಈಗಲೂ ಓಡಾಡುತ್ತಿದೆ.

ಆದರೆ ನಡೆದದ್ದು ಹಾಗಲ್ಲ. ಆ ಯುದ್ಧದ ಪೈಲಟ್‌ಗಳೇ ಹೇಳಿದ ಪ್ರಕಾರ ವೈರಿಯನ್ನು ಕೆಡವಲು ಯಾರೂ ಆ ವರಸೆಯ ಮೊರೆ ಹೋಗಲಿಲ್ಲ. ಅರ್ಜೆಂಟೀನಾದ ಸ್ಕೈಹಾಕ್, ಡ್ಯಾಗರ್‌ಗಳು ತಮ್ಮ ನೆಲೆಯಿಂದ ಇಂಧನದ ಕೊನೆಯ ಎಲ್ಲೆಗೆ ಬಂದು, ನೀರಿನ ಮಟ್ಟದಲ್ಲಿ ಹಾರುತ್ತ ಹಡಗುಗಳಿಗೆ ಬಾಂಬು ಹಾಕಿ ಓಡಬೇಕಿತ್ತು. ನಿಂತು ಕಾದಾಡುವಷ್ಟು ಎಣ್ಣೆ ಅವುಗಳಲ್ಲಿ ಇರಲಿಲ್ಲ. ಹಿಂದಿನಿಂದ ಬಂದ ಸೀ ಹ್ಯಾರಿಯರ್ ಅಮೆರಿಕದಿಂದ ಹೊಸದಾಗಿ ಬಂದ ಸೈಡ್‌ವೈಂಡರ್ ‘ಎಲ್’ ಕ್ಷಿಪಣಿ ಬಿಟ್ಟರೆ ಅದು ಹೆಚ್ಚಾಗಿ ಗುರಿ ಮುಟ್ಟುತ್ತಿತ್ತು. ಗೆಲ್ಲಿಸಿದ್ದು ಕ್ಷಿಪಣಿ, ತರಬೇತಿ ಮತ್ತು ಎದುರಾಳಿಯ ಬರಿದಾಗುತ್ತಿದ್ದ ಟ್ಯಾಂಕು.

ಹಾಗಾದರೆ ತಿರುಗುವ ನಾಝಲ್‌ಗೆ ಆ ಗೆಲುವಿನಲ್ಲಿ ಪಾಲಿಲ್ಲವೆ? ಇದೆ, ಬಹಳ ದೊಡ್ಡ ಪಾಲು. ದಕ್ಷಿಣ ಅಟ್ಲಾಂಟಿಕ್‌ನ ಬಿರುಗಾಳಿಯಲ್ಲಿ ಡೆಕ್ ಮೇಲಕ್ಕೂ ಕೆಳಕ್ಕೂ ತುಯ್ಯುತ್ತಿದ್ದಾಗ, ಮಂಜು ಕವಿದು ಕಣ್ಣು ಕಾಣದಿದ್ದಾಗ, ಮೊದಲು ನಿಂತು ಆಮೇಲೆ ಇಳಿಯುವ ಸೌಕರ್ಯ ಇಲ್ಲದಿದ್ದರೆ ಎಷ್ಟೋ ದಿನ ಯಾವ ಜೆಟ್ಟೂ ಹಾರುತ್ತಿರಲಿಲ್ಲ. ನಾಝಲ್ ಗೆಲ್ಲಿಸಿದ್ದು ಡೆಕ್ಕಿನ ಮೇಲೆ.

ಆ ಯುದ್ಧದಲ್ಲಿ ಬ್ರಿಟಿಷ್ ನೌಕಾದಳದ ಧ್ವಜನೌಕೆಯಾಗಿದ್ದ ಎಚ್‌ಎಂಎಸ್ ಹರ್ಮಿಸ್ ಅನ್ನೇ ಭಾರತ 1986ರಲ್ಲಿ ಕೊಂಡಿತು. ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ ಕಟ್ಟಲು ಶುರು ಮಾಡಿದ ಹಡಗು ಅದು. ಹನ್ನೆರಡು ಡಿಗ್ರಿಯ ಸ್ಕೀ ಜಂಪ್ ಆಗಲೇ ಇತ್ತು. 1987ರ ಮೇ 12ರಂದು ಐಎನ್‌ಎಸ್ ವಿರಾಟ್ ಆಗಿ, ಆ ವರ್ಷದ ಆಗಸ್ಟ್‌ನಲ್ಲಿ ಮುಂಬಯಿ ಸೇರಿತು. ಅಲ್ಲಿಂದ ಸುಮಾರು ಹತ್ತು ವರ್ಷ ಎರಡು ವಿಮಾನವಾಹಕ ನೌಕೆಗಳಿಗೆ ಮುಂಬಯಿ ನೆಲೆ. ಅರುಣ್ ಪ್ರಕಾಶ್ ಮುಂದೆ ವಿರಾಟ್‌ನ ಕಮಾಂಡಿಂಗ್ ಆಫೀಸರ್ ಆದರು, 2004ರಲ್ಲಿ ನೌಕಾಪಡೆಯ ಮುಖ್ಯಸ್ಥರಾದರು.

ಸೀ ಹ್ಯಾರಿಯರ್ ಶಬ್ದವೇಗ ಮೀರದ ವಿಮಾನ. 2000ರ ದಶಕಕ್ಕೆ ಅದರ ರೇಡಾರ್ ಹಳತಾಗಿತ್ತು. ಬೆಂಗಳೂರಿನ ಎಚ್‌ಎಎಲ್ ಜೊತೆಗೂಡಿ ಇಸ್ರೇಲಿನ ಎಲ್ಟಾ ರೇಡಾರನ್ನೂ, ಕಣ್ಣಿಗೆ ಕಾಣದ ದೂರಕ್ಕೆ ಹೊಡೆಯುವ ಡರ್ಬಿ ಕ್ಷಿಪಣಿಯನ್ನೂ ಅದಕ್ಕೆ ಜೋಡಿಸಿದರು. 2007ರ ಮಲಬಾರ್ ಸಮರಾಭ್ಯಾಸದಲ್ಲಿ ವಿರಾಟ್ ಅಮೆರಿಕದ ನಿಮಿಟ್ಸ್, ಕಿಟ್ಟಿ ಹಾಕ್ ನೌಕೆಗಳ ಜೊತೆ ಬಂಗಾಳ ಕೊಲ್ಲಿಯಲ್ಲಿ ಪಾಲ್ಗೊಂಡಿತು. ಬ್ರಿಟನ್ 2006ರಲ್ಲೇ ತನ್ನ ಸೀ ಹ್ಯಾರಿಯರ್‌ಗಳನ್ನು ನಿವೃತ್ತಿ ಮಾಡಿತ್ತು. ಆಮೇಲಿನ ಹತ್ತು ವರ್ಷ ಜಗತ್ತಿನಲ್ಲಿ ಅವನ್ನು ಹಾರಿಸುತ್ತಿದ್ದವರು ನಮ್ಮವರು ಮಾತ್ರ.

ಅದಕ್ಕೆ ತೆತ್ತ ಬೆಲೆ ದೊಡ್ಡದು. ತರಬೇತಿಯದೂ ಸೇರಿ ಕೊಂಡ ಸುಮಾರು ಮೂವತ್ತು ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಪಘಾತಗಳಲ್ಲಿ ಹೋದವು. ಏಳು ಪೈಲಟ್‌ಗಳು ಜೀವ ಕೊಟ್ಟರು, ಯುದ್ಧದಲ್ಲಲ್ಲ, ಹೆಚ್ಚಾಗಿ ದಿನನಿತ್ಯದ ಹಾರಾಟದಲ್ಲಿ. ಒಂದೇ ಎಂಜಿನ್ನು, ಅದರ ಮೇಲೆಯೇ ಎಲ್ಲ ಭಾರ, ನೆಲಕ್ಕೆ ಹತ್ತಿರ, ಪಾರಾಗಲು ಸೆಕೆಂಡುಗಳು. ಈ ಏಳು ಮಂದಿಯ ನೆನಪಿಲ್ಲದೆ ಥ್ರಸ್ಟ್ ವೆಕ್ಟರಿಂಗಿನ ಭಾರತೀಯ ಇತಿಹಾಸ ಬರೆಯುವುದು ತಪ್ಪು.

ವಿಕ್ರಾಂತ್ 1997ರ ಜನವರಿ 31ರಂದು ನಿವೃತ್ತಿಯಾಯಿತು. ಅದೇ ವರ್ಷ ಜೂನ್‌ನಲ್ಲಿ ಘಟ್ಟದಾಚೆ, ಪುಣೆಯ ಲೋಹೆಗಾಂವ್ ವಾಯುನೆಲೆಗೆ ಮೊದಲ ಎಂಟು ಸುಖೋಯ್-30ಗಳು ಸೇರ್ಪಡೆಯಾದವು. ಅವುಗಳ ನಾಝಲ್ ತಿರುಗುತ್ತಿರಲಿಲ್ಲ. ತಿರುಗುವ ನಾಝಲ್ ಇನ್ನೂ ರಷ್ಯಾದಲ್ಲಿ ಪರೀಕ್ಷೆಯಲ್ಲಿತ್ತು. 1999ರ ಜೂನ್ 12ರಂದು ಪ್ಯಾರಿಸ್ ವಿಮಾನ ಪ್ರದರ್ಶನದಲ್ಲಿ ಅಂಥದೊಂದು ಮಾದರಿ ಸುರುಳಿ ಸುತ್ತಿ ಕೆಳಗಿಳಿಯುವಾಗ ಎತ್ತರ ಸಾಲದೆ ಬಾಲ ನೆಲಕ್ಕೆ ತಾಗಿತು. ಪೈಲಟ್ ವ್ಯಾಚೆಸ್ಲಾವ್ ಅವೆರ್ಯಾನೋವ್ ಮತ್ತು ನ್ಯಾವಿಗೇಟರ್ ವ್ಲಾದಿಮಿರ್ ಶೆಂದ್ರಿಖ್ ಉರಿಯುತ್ತಿದ್ದ ವಿಮಾನವನ್ನು ಒಂದಿಷ್ಟು ಮೇಲೆತ್ತಿ, ಹೊರಚಿಮ್ಮಿ ಬದುಕಿಕೊಂಡರು.

ಭಾರತ ಹಿಂಜರಿಯಲಿಲ್ಲ. 2002ರ ಸೆಪ್ಟೆಂಬರ್ 27ರಂದು ಲೋಹೆಗಾಂವ್‌ನಲ್ಲಿ ಸುಖೋಯ್-30 ಎಂಕೆಐ ವಾಯುಪಡೆಗೆ ಸೇರಿತು. ಅದನ್ನು ಮೊದಲು ಪಡೆದದ್ದು 20ನೇ ಸ್ಕ್ವಾಡ್ರನ್, 1971ರಲ್ಲಿ ಅರುಣ್ ಪ್ರಕಾಶ್ ಹಂಟರ್ ಹಾರಿಸಿದ್ದ ಅದೇ ದಳ. ಆಗ ರಕ್ಷಣಾ ಸಚಿವರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನಲ್ಲಿ ಹುಟ್ಟಿ, ಹತ್ತೊಂಬತ್ತರ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಕಾರ್ಮಿಕರ ನಾಯಕರಾಗಿ, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥವರನ್ನು ಸೋಲಿಸಿದವರು. 2003ರ ಜೂನ್‌ನಲ್ಲಿ, ಎಪ್ಪತ್ತಮೂರು ತುಂಬಿದ ಅವರು ಲೋಹೆಗಾಂವ್‌ನಿಂದ ಸುಖೋಯ್ ಏರಿದರು. ಮೂರು ವರ್ಷದ ಬಳಿಕ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರೂ ಅಲ್ಲಿಂದಲೇ ಹಾರಿದರು.

ಈ ಸುಖೋಯ್‌ನ ನಾಝಲ್ ಹ್ಯಾರಿಯರ್‌ನಂತೆ ಕೆಳಕ್ಕೆ ಪೂರ್ತಿ ತಿರುಗುವುದಿಲ್ಲ. ಎಎಲ್-31ಎಫ್‌ಪಿ ಎಂಜಿನ್ನಿನ ಬಾಯಿ ಹದಿನೈದು ಡಿಗ್ರಿಯಷ್ಟು ಮೇಲೆ ಕೆಳಗೆ ಓಲುತ್ತದೆ, ಅಷ್ಟೆ. ಆದರೆ ಎರಡು ಎಂಜಿನ್ನುಗಳ ಓಲುವ ಅಕ್ಷಗಳನ್ನು ನೇರವಾಗಿಡದೆ ಹೊರಕ್ಕೆ ಓರೆ ಮಾಡಿದ್ದಾರೆ. ಹಾಗಾಗಿ ಒಂದನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಓಲಿಸಿದರೆ ವಿಮಾನ ಪಕ್ಕಕ್ಕೂ ಹೊರಳುತ್ತದೆ, ಉರುಳುತ್ತದೆ. ಯಾವುದನ್ನು ಎಷ್ಟು ಓಲಿಸಬೇಕೆಂಬ ಲೆಕ್ಕ ಪೈಲಟ್‌ನದಲ್ಲ, ಕಂಪ್ಯೂಟರಿನದು. ಎಂಜಿನ್ನುಗಳು ಒಡಿಶಾದ ಕೋರಾಪುಟ್‌ನಲ್ಲಿ, ವಿಮಾನಗಳು ನಾಸಿಕ್‌ನ ಓಝರ್‌ನಲ್ಲಿ ತಯಾರಾದವು. ಮಿಷನ್ ಕಂಪ್ಯೂಟರ್ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ‘ಡೇರ್’ನಲ್ಲಿ ರೂಪುಗೊಂಡಿತು.

2008ರ ಬೇಸಿಗೆಯಲ್ಲಿ ಈ ವಿಮಾನಗಳು ಅಮೆರಿಕಕ್ಕೆ ಹೋಗಿ ಮೌಂಟನ್ ಹೋಮ್ ನೆಲೆಯಲ್ಲೂ, ನೆಲ್ಲಿಸ್‌ನ ರೆಡ್ ಫ್ಲ್ಯಾಗ್ ಸಮರಾಭ್ಯಾಸದಲ್ಲೂ ಭಾಗವಹಿಸಿದವು. ಆಮೇಲೆ ಅಮೆರಿಕದ ವಾಯುಪಡೆ ಅಧಿಕಾರಿಯೊಬ್ಬರ ಉಪನ್ಯಾಸದ ವಿಡಿಯೊ ಹರಿದಾಡಿತು. ನಾಝಲ್ ಓಲಿಸಿ ಮೂಗೆತ್ತಿದ ಸುಖೋಯ್ ವೇಗ ಕಳೆದುಕೊಂಡು ಕುಸಿಯತೊಡಗುತ್ತದೆ, ಆಗ ಮೇಲಿನಿಂದ ಎರಗಿದರೆ ಸುಲಭದ ತುತ್ತು ಎಂಬುದು ಅವರ ಮಾತಿನ ಸಾರ. ನಮ್ಮಲ್ಲಿ ಅನೇಕರು ಸಿಟ್ಟಾದರು. ಅವರ ಕೆಲವು ವಿವರಗಳು ತಪ್ಪೆಂದು ಇಲ್ಲಿನ ಬಲ್ಲವರು ಎತ್ತಿ ತೋರಿಸಿದರು. ಆದರೆ ಮೂಲ ತತ್ವ ನಿರಾಕರಿಸುವಂಥದಲ್ಲ. ಆಕಾಶಯುದ್ಧದಲ್ಲಿ ವೇಗವೇ ಬಂಡವಾಳ. ನಾಝಲ್ ತಿರುಗಿಸಿ ಒಂದು ಹೊಡೆತದ ಅವಕಾಶ ಗಿಟ್ಟಿಸಬಹುದು. ಅದು ತಪ್ಪಿದರೆ ಬಂಡವಾಳವೂ ಹೋಯಿತು. ಹ್ಯಾರಿಯರ್ ಪೈಲಟ್‌ಗಳು ವಿಫ್ ಬಗ್ಗೆ ಎಚ್ಚರದಿಂದಿದ್ದದ್ದೂ ಇದೇ ಕಾರಣಕ್ಕೆ. 2019ರ ಫೆಬ್ರವರಿ 27ರಂದು ಜಮ್ಮು ಮತ್ತು ಕಾಶ್ಮೀರದ ಮೇಲೆ ಪಾಕಿಸ್ತಾನದೊಂದಿಗೆ ನಡೆದ ಕಾದಾಟದಲ್ಲಿ ಸುಖೋಯ್‌ಗಳಿಗೆ ಎದುರಾದದ್ದು ದೂರದಿಂದ ಬಿಟ್ಟ ಕ್ಷಿಪಣಿಗಳು. ಹತ್ತಿರ ಬಂದು ಸುತ್ತಾಡುವ ಸಂದರ್ಭ ಬರಲಿಲ್ಲ.

ಕೊನೆಯ ಸೀ ಹ್ಯಾರಿಯರ್‌ಗಳಿಗೆ 2016ರ ಮೇ 11ರಂದು ಐಎನ್‌ಎಸ್ ಹಂಸದಲ್ಲಿ ಬೀಳ್ಕೊಡುಗೆ ನಡೆಯಿತು. 2017ರ ಮಾರ್ಚ್ 6ರಂದು ಮುಂಬಯಿಯ ನೌಕಾ ಡಾಕ್‌ಯಾರ್ಡ್‌ನಲ್ಲಿ ವಿರಾಟ್‌ನ ಧ್ವಜ ಇಳಿಯಿತು. ಈಗ ಕಾರವಾರವನ್ನು ನೆಲೆ ಮಾಡಿಕೊಂಡ ವಿಕ್ರಮಾದಿತ್ಯದ ಮೇಲಾಗಲಿ, ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್ ಮೇಲಾಗಲಿ ಹಾರುವ ಮಿಗ್-29ಕೆಗೆ ತಿರುಗುವ ನಾಝಲ್ ಇಲ್ಲ. ಡೆಕ್ ದೊಡ್ಡದಿದೆ, ಹಿಡಿದು ನಿಲ್ಲಿಸುವ ಹಗ್ಗ ಮರಳಿದೆ. ಹ್ಯಾರಿಯರ್‌ನ ವಂಶದ ಎಫ್-35ಬಿ ನಮ್ಮ ಜನರ ಕಣ್ಣಿಗೆ ಬಿದ್ದದ್ದು 2025ರಲ್ಲಿ, ಬ್ರಿಟನ್ನಿನ ಒಂದು ವಿಮಾನ ತಿರುವನಂತಪುರದಲ್ಲಿ ಇಳಿದು ದುರಸ್ತಿಗಾಗಿ ಐದು ವಾರ ನಿಂತಾಗ.

ನನ್ನ ಮಟ್ಟಿಗೆ ತೀರ್ಪು ಸ್ಪಷ್ಟ. ತಿರುಗುವ ನಾಝಲ್ ಭಾರತಕ್ಕೆ ಆಕಾಶದಲ್ಲಿ ಒಂದೇ ಒಂದು ವಿಮಾನವನ್ನೂ ಕೆಡವಿಕೊಡಲಿಲ್ಲ. ಆದರೆ 1983ರಿಂದ 2016ರವರೆಗೆ, ಮುಂಬಯಿಯ ಎರಡು ಹಳೆಯ ಹಡಗುಗಳು ಜೆಟ್ ಹಾರಿಸುವ ನೌಕೆಗಳಾಗಿ ಉಳಿದದ್ದು ಅದರಿಂದ ಮಾತ್ರ. ಆ ಮೂವತ್ತೆರಡು ವರ್ಷದಲ್ಲಿ ಡೆಕ್ಕಿನ ವಿದ್ಯೆ ಕೈಬಿಟ್ಟು ಹೋಗಿದ್ದರೆ ಇಂದಿನ ನೌಕೆಗಳನ್ನು ನಡೆಸಬಲ್ಲ ಜನ ನಮ್ಮಲ್ಲಿರುತ್ತಿರಲಿಲ್ಲ.

ಹಡಗುಗಳನ್ನು ಮಾತ್ರ ನಾವು ಉಳಿಸಿಕೊಳ್ಳಲಿಲ್ಲ. ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿದ್ದ ವಿಕ್ರಾಂತ್ 2012ರಲ್ಲಿ ಬಾಗಿಲು ಮುಚ್ಚಿತು, 2014ರಲ್ಲಿ ಮಾರಾಟವಾಗಿ ಮುಂಬಯಿಯದೇ ದಾರುಖಾನಾದಲ್ಲಿ ಒಡೆಯಲ್ಪಟ್ಟಿತು. ವಿರಾಟ್ ಅನ್ನು ಸಿಂಧುದುರ್ಗದ ಕಡಲಲ್ಲಿ ಸಂಗ್ರಹಾಲಯ ಮಾಡುವ ಯೋಜನೆಗೆ ಮಹಾರಾಷ್ಟ್ರ ಸಂಪುಟ 2018ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಅದೂ ಕೈಗೂಡದೆ 2020ರ ಸೆಪ್ಟೆಂಬರ್‌ನಲ್ಲಿ ಹಡಗನ್ನು ಒಡೆಯಲೆಂದು ಅಲಂಗ್‌ಗೆ ಎಳೆದೊಯ್ದರು. ಮುಂಬಯಿಯ ಲಯನ್ ಗೇಟ್ ಬಳಿ, ವಿಕ್ರಾಂತ್‌ನ ಉಕ್ಕಿನಿಂದ ಶಿಲ್ಪಿ ಅರ್ಝಾನ್ ಖಂಬಾಟಾ ಮಾಡಿದ ಸ್ಮಾರಕ ಉಳಿದಿದೆ. ಸೀ ಹ್ಯಾರಿಯರ್ ನೋಡಬೇಕಾದರೆ ಗೋವಾದ ಬೋಗ್ಮಾಲೊ ರಸ್ತೆಯಲ್ಲಿರುವ ನೌಕಾ ವಾಯುಯಾನ ಸಂಗ್ರಹಾಲಯಕ್ಕೆ ಹೋಗಬೇಕು. ಆ ಕಡೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ಅದರ ಪಕ್ಕೆಯಲ್ಲಿರುವ ನಾಲ್ಕು ನಾಝಲ್‌ಗಳನ್ನು ತೋರಿಸಿ, ಅವು ಏನು ಮಾಡುತ್ತಿದ್ದವೆಂದು ಹೇಳಿ.